ಚಳಿಯಿಲ್ಲದ ಕರಾವಳಿಯಲ್ಲಿ ಬೀಜದಿಂದ ಬೆರಿ ಗಿಡ: ಯಾವುದು ಸಾಧ್ಯ, ಯಾವುದು ವ್ಯರ್ಥ?

ಪ್ರಶ್ನೆ: ಮಣಿಪಾಲದ ಸಮೀಪ ನಮ್ಮದು ತಾರಸಿ ಮನೆ, ಹಿಂಬದಿಯಲ್ಲಿ ಐದಾರು ಸೆಂಟ್ಸ್ ಜಾಗವೂ ಇದೆ. ಕಳೆದ ಡಿಸೆಂಬರಿನಲ್ಲಿ ಮಕ್ಕಳ ಒತ್ತಾಯಕ್ಕೆ ಅಂಗಡಿಯಿಂದ ತಂದ ಸ್ಟ್ರಾಬೆರಿ, ಬ್ಲೂಬೆರಿ, ರಾಸ್ಪ್‌ಬೆರಿ ಹಣ್ಣುಗಳ ಬೀಜ ತೆಗೆದು ಒಣಗಿಸಿ, ಹಟ್ಟಿಗೊಬ್ಬರ ಬೆರೆಸಿದ ಮಣ್ಣಿನ ಟ್ರೇಯಲ್ಲಿ ಬಿತ್ತಿ, ಪ್ಲಾಸ್ಟಿಕ್ ಹೊದೆಸಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟೆವು. ಸ್ಟ್ರಾಬೆರಿ ಮಾತ್ರ ಮೊಳೆಯಿತು. ಎರಡೆಲೆ ಬರುವಷ್ಟರಲ್ಲಿ ಸಸಿಗಳ ಬುಡ ದಾರದಂತೆ ಸಪೂರವಾಗಿ ಒಂದೊಂದಾಗಿ ಮಗುಚಿ ಬಿದ್ದವು. ಬೇಸಿಗೆಯಲ್ಲಿ ಕರಂಡೆ ಬೀಜವನ್ನು ಒಣಗಿಸಿ, ಫ್ರಿಜ್ಜಿನಲ್ಲಿಟ್ಟು ಬಿತ್ತಿದೆವು, ಅದೂ ಹುಟ್ಟಲಿಲ್ಲ. ನಮ್ಮ ಹವೆಯಲ್ಲಿ ಬೀಜದಿಂದ ಬೆರಿ ಗಿಡ ಬೆಳೆಸುವುದು ಸಾಧ್ಯವೇ? ಆನ್‌ಲೈನಿನಲ್ಲಿ ನೀಲಿ ಸ್ಟ್ರಾಬೆರಿಯ ಬೀಜ ಸಿಗುತ್ತಿದೆ, ತರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿರುವ ಸೋಲುಗಳಿಗೆ ಕಾರಣ ಒಂದೇ ಅಲ್ಲ. ಸ್ಟ್ರಾಬೆರಿ ಸಸಿಗಳು ಹುಟ್ಟಿದ ಮೇಲೆ ರೋಗಕ್ಕೆ ಬಲಿಯಾದವು; ಬ್ಲೂಬೆರಿ ಮತ್ತು ರಾಸ್ಪ್‌ಬೆರಿ ಬೀಜಗಳು ಸುಪ್ತಾವಸ್ಥೆಯಿಂದ ಎಚ್ಚರಗೊಳ್ಳಲೇ ಇಲ್ಲ; ಕರಂಡೆಯ ಬೀಜವಂತೂ ಮಣ್ಣಿಗೆ ಬೀಳುವ ಮೊದಲೇ ಸತ್ತಿತ್ತು. ಬೆರಿ ಎಂದು ನಾವು ಒಟ್ಟಾಗಿ ಕರೆಯುವ ಈ ಹಣ್ಣುಗಳಲ್ಲಿ ಪರಸ್ಪರ ಸಂಬಂಧವೇ ಇಲ್ಲದ ಹಲವು ಕುಟುಂಬಗಳಿವೆ. ಶೀತದೇಶದ ಒಂದಕ್ಕೆ ಹೇಳಿದ ಉಪಚಾರವನ್ನು ಎಲ್ಲದಕ್ಕೂ ಮಾಡಿದರೆ ಕೆಲವು ಹುಟ್ಟುವುದಿಲ್ಲ, ಕೆಲವು ಆ ಉಪಚಾರದಿಂದಲೇ ಸಾಯುತ್ತವೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಬೀಜ ಮೊಳೆಯುವುದಕ್ಕೆ ಬೇಕಾದ ಚಳಿಯನ್ನು ಫ್ರಿಜ್ಜಿನಿಂದ ಕೊಡಬಹುದು. ಗಿಡ ಹೂ ಬಿಡುವುದಕ್ಕೆ ಬೇಕಾದ ಚಳಿಯನ್ನು ಕೊಡುವ ಉಪಾಯ ಮನೆಯಲ್ಲಿ ಇಲ್ಲ. ಮಂಗಳೂರು, ಉಡುಪಿಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ, ಹಗಲು 30 ದಾಟುತ್ತದೆ. ಆದ್ದರಿಂದ ನಿಮ್ಮ ಅಂಗಳಕ್ಕೆ ಗಿಡವನ್ನು ಆರಿಸುವಾಗ ಬೀಜ ಹುಟ್ಟೀತೇ ಎಂಬುದಕ್ಕಿಂತ ಮೊದಲು, ಹುಟ್ಟಿದ ಗಿಡ ಇಲ್ಲಿ ಹಣ್ಣು ಕೊಟ್ಟೀತೇ ಎಂದು ಕೇಳಿಕೊಳ್ಳಬೇಕು.

ಮಗುಚಿ ಬಿದ್ದ ಸಸಿಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇದು ಯಾವ ಬೀಜ ಬಿತ್ತಿದರೂ ನಿಮ್ಮನ್ನು ಕಾಡುವ ತೊಂದರೆ. ನೀವು ವಿವರಿಸಿದ್ದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯದಂತಹ ಮಣ್ಣಿನಲ್ಲಿರುವ ರೋಗಾಣುಗಳು ಎಳೆಯ ಕಾಂಡವನ್ನು ಮಣ್ಣಿನ ಮಟ್ಟದಲ್ಲಿಯೇ ಹಿಡಿಯುತ್ತವೆ. ಅಂತಹ ಸಸಿಯೊಂದನ್ನು ಕಿತ್ತು ಬೆಳಕಿಗೆ ಹಿಡಿದರೆ ಎಲೆಗಳು ಹಸುರಾಗಿಯೇ ಇರುತ್ತವೆ, ಬುಡದ ಎರಡು ಮೂರು ಮಿಲಿಮೀಟರ್ ಭಾಗ ಮಾತ್ರ ನೀರು ಕುಡಿದಂತೆ ಕಂದಾಗಿ ಇಂಗಿರುತ್ತದೆ. ಈ ಹಂತದಲ್ಲಿ ಯಾವ ಔಷಧವೂ ಆ ಸಸಿಯನ್ನು ಉಳಿಸದು. ಹಸಿಯಾಗಿ ಉಳಿದಿರಬಹುದಾದ ಹಟ್ಟಿಗೊಬ್ಬರ, ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ, ಕಿಟಕಿಯ ಅರೆಬೆಳಕು ಈ ಮೂರೂ ಒಂದೇ ಟ್ರೇಯಲ್ಲಿ ಸೇರಿದ್ದರಿಂದ ರೋಗಕ್ಕೆ ಹಾದಿ ಸುಗಮವಾಯಿತು.

ಬೀಜದ ಟ್ರೇಗೆ ಗೊಬ್ಬರವೇ ಬೇಡ. ಬೀಜವು ತನ್ನ ಮೊದಲ ಎಲೆಗಳಿಗೆ ಬೇಕಾದ ಆಹಾರವನ್ನು ತಾನೇ ತಂದಿರುತ್ತದೆ. ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಹೊಳೆಯ ಮರಳು, ಒಂದು ಪಾಲು ಪೂರ್ತಿ ಕಳಿತು ಜರಡಿ ಹಿಡಿದ ಎಲೆಗೊಬ್ಬರ ಇಷ್ಟು ಸಾಕು. ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಇರುವುದುಂಟು. ಬಕೆಟಿನಲ್ಲಿ ನೆನೆಸಿ, ಹಿಂಡಿ, ನೀರನ್ನು ಎರಡು ಮೂರು ಬಾರಿ ಬದಲಿಸಿದ ಮೇಲೆಯೇ ಬಳಸಬೇಕು. ಮಲ್ಪೆಯೋ ಪಣಂಬೂರೋ ಹತ್ತಿರವಿದೆ ಎಂದು ಕಡಲ ಮರಳನ್ನು ತರುವವರಿದ್ದಾರೆ. ತೊಳೆದರೂ ಅದನ್ನು ನಾನು ಒಪ್ಪುವುದಿಲ್ಲ. ಈ ಮಿಶ್ರಣವನ್ನು ಟ್ರೇಯಲ್ಲಿ ತುಂಬಿ ಕುದಿಯುವ ನೀರನ್ನು ಸುರಿದು, ಪೂರ್ತಿ ತಣಿದ ನಂತರ ಬಿತ್ತಿದರೆ ರೋಗಾಣುಗಳ ಬಹುಪಾಲು ಹೋಗಿರುತ್ತದೆ. ತಣಿದ ಮಿಶ್ರಣಕ್ಕೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಸೇರಿಸಬಹುದು; ಅದು ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುತ್ತದೆ. ಬಿಸಿನೀರಿನ ಮೊದಲು ಸೇರಿಸಿದರೆ ಟ್ರೈಕೋಡರ್ಮವೂ ಬೆಂದುಹೋಗುತ್ತದೆ ಎಂಬುದನ್ನು ಮರೆಯಬೇಡಿ.

ನೀರನ್ನು ಮೇಲಿನಿಂದ ಚಿಮುಕಿಸುವ ಬದಲು, ಟ್ರೇಯನ್ನು ಒಂದಿಂಚು ನೀರಿರುವ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ. ಮೇಲ್ಮೈ ತೇವವಾದ ಕೂಡಲೇ ಹೊರತೆಗೆಯಿರಿ. ಮೊದಲ ಮೊಳಕೆ ಕಂಡ ದಿನವೇ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು, ಬೆಳಗಿನ ಎಳೆಬಿಸಿಲು ಬೀಳುವ, ಗಾಳಿಯಾಡುವ ಕಡೆಗೆ ಟ್ರೇಯನ್ನು ಸಾಗಿಸಿ. ನಮ್ಮೂರಿನ ಗಾಳಿಯಲ್ಲಿ ತೇವಾಂಶಕ್ಕೆ ಕೊರತೆಯಿಲ್ಲ. ಹೊದಿಕೆಯ ಸಲಹೆ ಒಣಹವೆಯ ಊರುಗಳಿಗೆ ಹೇಳಿದ್ದು.

ಇನ್ನು ಸ್ಟ್ರಾಬೆರಿ. ಹಣ್ಣಿನ ಮೈಮೇಲೆ ಕಾಣುವ ಬೀಜಗಳನ್ನು ತೆಗೆಯಲು ಪೂರ್ತಿ ಕೆಂಪಾಗಿ ಮೆತ್ತಗಾದ ಹಣ್ಣಿನ ಸಿಪ್ಪೆಯನ್ನು ಬ್ಲೇಡಿನಿಂದ ತೆಳ್ಳಗೆ ಎತ್ತಿ, ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ಬೆರಳಿನಿಂದ ಉಜ್ಜಿದರೆ ಸಾಕು. ಈ ಬೀಜಗಳನ್ನು ತೇವದ ಮರಳಿನೊಂದಿಗೆ ಬೆರೆಸಿ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಮೂರು ನಾಲ್ಕು ವಾರ ಇಟ್ಟರೆ ಮೊಳಕೆ ಹೆಚ್ಚು ಏಕಪ್ರಕಾರವಾಗಿ ಬರುತ್ತದೆ. ಹಿಮಗಟ್ಟುವ ಮೇಲಿನ ಖಾನೆಯಲ್ಲಿ ಇಡಬಾರದು. ತೇವಗೊಂಡ ಬೀಜದ ಒಳಗಿನ ನೀರು ಮಂಜುಗಡ್ಡೆಯಾದರೆ ಭ್ರೂಣ ಉಳಿಯದು. ಬಿತ್ತುವಾಗ ಬೀಜದ ಮೇಲೆ ಮಣ್ಣು ಮುಚ್ಚಬೇಡಿ. ಸ್ಟ್ರಾಬೆರಿ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಮೇಲ್ಮೈಗೆ ಉದುರಿಸಿ ಅಂಗೈಯಿಂದ ಮೆಲ್ಲನೆ ಒತ್ತಿದರಾಯಿತು. ಎರಡರಿಂದ ಆರು ವಾರಗಳವರೆಗೆ ಬಿಡಿಬಿಡಿಯಾಗಿ ಹುಟ್ಟುತ್ತವೆ. ಮೂರು ನಾಲ್ಕು ಎಲೆ ಬಂದಾಗ ಕುಂಡಕ್ಕೆ ದಾಟಿಸಬೇಕು. ಎಲೆಗಳು ಹೊರಡುವ ನಡುಭಾಗ ಮಣ್ಣಿನೊಳಗೆ ಹೂತುಹೋದರೆ ಗಿಡ ಕೊಳೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಅಂಗಡಿಯ ಹಣ್ಣಿನಂತಹ ಹಣ್ಣು ಸಿಗುವುದಿಲ್ಲ ಎಂದು ಹೇಳಲೇಬೇಕಾಗಿದೆ. ಇಂದು ನಾವು ತಿನ್ನುವ ಸ್ಟ್ರಾಬೆರಿ ಒಂದು ಮಿಶ್ರತಳಿ: 1714ರಲ್ಲಿ ಚಿಲಿಯಿಂದ ಫ್ರಾನ್ಸಿಗೆ ಒಯ್ದ ಗಿಡಗಳು ಅಲ್ಲಿ ಆಗಲೇ ಬೆಳೆಸುತ್ತಿದ್ದ ಉತ್ತರ ಅಮೆರಿಕದ ಜಾತಿಯೊಂದಿಗೆ ಬೆರೆತು ಇದು ಹುಟ್ಟಿತು. ಎಂಟು ವರ್ಣತಂತು ಗುಂಪುಗಳಿರುವ ಈ ಮಿಶ್ರತಳಿಯ ಪ್ರತಿಯೊಂದು ಬೀಜವೂ ಬೇರೆಯೇ ಗುಣದ ಗಿಡವಾಗುತ್ತದೆ, ತಾಯಿಯ ಗುಣ ಉಳಿಯುವುದಿಲ್ಲ. ಆದ್ದರಿಂದಲೇ ಮಹಾಬಲೇಶ್ವರ, ಪಂಚಗಣಿಯ ಬೆಳೆಗಾರರು ಬೀಜ ಬಿತ್ತದೆ ರನ್ನರ್ ಸಸಿಗಳನ್ನು, ಅಂದರೆ ತಾಯಿಗಿಡದಿಂದ ಹರಿದ ಬಳ್ಳಿಯಲ್ಲಿ ಬೇರೂರಿದ ಮರಿಗಿಡಗಳನ್ನು, ನೆಡುತ್ತಾರೆ. ಅದಕ್ಕಿಂತ ದೊಡ್ಡ ಅಡ್ಡಿ ನಮ್ಮ ಪಂಚಾಂಗದ್ದು. ಡಿಸೆಂಬರಿನಲ್ಲಿ ಬಿತ್ತಿದ ಬೀಜ ಹೂ ಬಿಡುವಷ್ಟು ದೊಡ್ಡದಾಗುವ ಹೊತ್ತಿಗೆ ಏಪ್ರಿಲ್, ಮೇ ಸೆಕೆ ಎದುರಾಗುತ್ತದೆ. ಅದನ್ನು ದಾಟಿದರೆ ಜೂನಿನ ಮಳೆ. ಮಕ್ಕಳಿಗೆ ಹಣ್ಣು ಕಾಣಬೇಕೆಂಬುದೇ ಮುಖ್ಯವಾದರೆ, ನವರಾತ್ರಿ ಕಳೆದು ಮಳೆ ಹಿಂದಾದ ಮೇಲೆ ನಂಬಿಕಸ್ಥ ನರ್ಸರಿಯಿಂದ ರನ್ನರ್ ಸಸಿಗಳನ್ನು ತಂದು ತಾರಸಿಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ ಕಟ್ಟಿ ಬೆಳೆಸಿ. ಬೇಸಿಗೆಯ ಮೊದಲು ಒಂದಷ್ಟು ಹಣ್ಣು ಸಿಗಬಹುದು. ಅದನ್ನು ಒಂದು ಋತುವಿನ ಗಿಡವೆಂದೇ ಭಾವಿಸಿ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಪ್ರಯಾಸ ಬೇಡ.

ಬ್ಲೂಬೆರಿಯ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು: ಬೀಜದಿಂದ ಬೇಡ. ಸಾಮಾನ್ಯ ಬ್ಲೂಬೆರಿ ತಳಿಗಳ ಬೀಜ ಎಚ್ಚರಗೊಳ್ಳಲು ತೇವದಲ್ಲಿ ಸುಮಾರು ಮೂರು ತಿಂಗಳ ಶೈತ್ಯ ಬೇಕು, ನಂತರವೂ ಮೊಳಕೆ ತಿಂಗಳುಗಟ್ಟಲೆ ಎಳೆಯುತ್ತದೆ, ಗಿಡ ಫಲಕ್ಕೆ ಬರಲು ಮೂರು ವರ್ಷಕ್ಕೆ ಕಡಿಮೆಯಿಲ್ಲ. ಅಷ್ಟಾದ ಮೇಲೆ, ಶೀತದೇಶದ ತಳಿಗಳು ಚೆನ್ನಾಗಿ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು 800ರಿಂದ 1000 ಗಂಟೆಗಳ ಕಾಲ ಕೇಳುತ್ತವೆ. ನಮ್ಮಲ್ಲಿ ಅಂತಹ ಒಂದು ಗಂಟೆಯೂ ಸಿಗದು. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ಬ್ಲೂಬೆರಿಗೂ 4.5ರಿಂದ 5.5ರ ರಸಸಾರದ (pH) ಹುಳಿಮಣ್ಣೇ ಬೇಕು, ಹಾಗಾದರೆ ಏಕಾಗದು ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ. ಮಣ್ಣಿನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಪೆರು ದೇಶದ ಕರಾವಳಿಯಲ್ಲಿ ಬ್ಲೂಬೆರಿಯನ್ನು ವಿಪುಲವಾಗಿ ಬೆಳೆಯುತ್ತಾರೆ ಎಂಬುದೂ ನಿಜ. ಆದರೆ ಪೆರುವಿನ ಕರಾವಳಿ ಮಳೆಯೇ ಇಲ್ಲದ ಮರುಭೂಮಿ, ತಣ್ಣನೆಯ ಸಮುದ್ರ ಪ್ರವಾಹದಿಂದಾಗಿ ಅಲ್ಲಿ ಹಗಲೂ ಹಿತವಾಗಿರುತ್ತದೆ, ಬೆಳೆಯುವುದು ಕಡಿಮೆ ಚಳಿ ಸಾಕಾಗುವ ವಿಶೇಷ ತಳಿಗಳನ್ನು. ಅವುಗಳನ್ನೂ ಕಡ್ಡಿಯಿಂದಲೋ ಅಂಗಾಂಶ ಕೃಷಿಯಿಂದಲೋ ವೃದ್ಧಿಸುತ್ತಾರೆ, ಬೀಜದಿಂದಲ್ಲ. ಕಡಲು ಇದೆ ಎಂಬ ಒಂದೇ ಹೋಲಿಕೆಯಿಂದ ಮಲ್ಪೆ ಪೆರುವಾಗದು.

ಕೆಂಪು ರಾಸ್ಪ್‌ಬೆರಿಯೂ ಇದೇ ಸಾಲಿಗೆ ಸೇರಿದ್ದು. ಅದರ ಬೀಜದ ಕವಚ ಬಹಳ ಗಟ್ಟಿ. ಒರಟು ಕಾಗದದಲ್ಲಿ ಉಜ್ಜಿ, ತೇವದಲ್ಲಿ ಮೊದಲು ಬೆಚ್ಚಗೆ, ನಂತರ ತಣ್ಣಗೆ ತಿಂಗಳುಗಟ್ಟಲೆ ಇಡಬೇಕು. ಕೆಲವು ವಿಡಿಯೋಗಳಲ್ಲಿ ತೋರಿಸುವ ಗಂಧಕಾಮ್ಲದ ಉಪಚಾರವನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಗಿಡ ಹುಟ್ಟಿದರೂ ಹೂವಿಗೆ ಚಳಿ ಬೇಕೆಂಬ ತಕರಾರು ಹಾಗೆಯೇ ಉಳಿಯುತ್ತದೆ. ಇದರ ಬಂಧುವೊಂದು ಮಾತ್ರ ನಮಗೆ ಆಸಕ್ತಿಯ ವಿಷಯ. ರೂಬಸ್ ನೈವಿಯಸ್ ಎಂಬ ಮುಳ್ಳುಪೊದೆಯನ್ನು ಹೊರದೇಶಗಳ ತೋಟಗಾರರು ಮೈಸೂರ್ ರಾಸ್ಪ್‌ಬೆರಿ ಎಂದೇ ಕರೆಯುತ್ತಾರೆ; ಪಶ್ಚಿಮ ಘಟ್ಟದ ಎತ್ತರದ ಭಾಗಗಳಲ್ಲಿ ತಾನಾಗಿ ಬೆಳೆಯುವ ಇದು ಅಮೆರಿಕದ ದಕ್ಷಿಣ ಫ್ಲಾರಿಡದಂತಹ ಬಿಸಿ, ತೇವದ ತಗ್ಗುನಾಡಿನಲ್ಲಿಯೂ ಹಣ್ಣು ಕೊಡುತ್ತದೆ. ಕಪ್ಪುನೇರಳೆ ಬಣ್ಣಕ್ಕೆ ತಿರುಗಿದ ಹಣ್ಣಿನ ಬೀಜ ನಿಮಗೆ ದೊರೆತರೆ ಪ್ರಯತ್ನಿಸಲು ಯೋಗ್ಯ. ಎರಡು ಎಚ್ಚರಿಕೆಗಳಿವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಂತಹ ರಕ್ಷಿತ ಅರಣ್ಯದಿಂದ ಬೀಜವನ್ನಾಗಲಿ ಗಿಡವನ್ನಾಗಲಿ ತರುವುದು ಕಾನೂನಿಗೆ ವಿರುದ್ಧ. ಮತ್ತೆ, ಗಾಲಪಗೋಸ್ ದ್ವೀಪಗಳಲ್ಲಿ ಇದೇ ಗಿಡ ಹಕ್ಕಿಗಳ ಮೂಲಕ ಹರಡಿ ಕಾಡನ್ನೇ ಆವರಿಸಿದೆ. ಹಿತ್ತಿಲಿನಲ್ಲಿ ಹತೋಟಿಯಲ್ಲಿಟ್ಟು, ಬಾಗಿದ ತುದಿಗಳು ಮಣ್ಣು ಮುಟ್ಟಿ ಬೇರೂರದಂತೆ ಸವರುತ್ತಿರಬೇಕು.

ಬೀಜದಿಂದಲೇ ಬೆಳೆಸಬೇಕು, ಮಕ್ಕಳು ಅದೇ ವರ್ಷ ಹಣ್ಣು ಕೀಳಬೇಕು ಎಂದಾದರೆ ನಾನು ಸೂಚಿಸುವುದು ಕೇಪ್ ಗೂಸ್‌ಬೆರಿಯನ್ನು. ಒಣಗಿದ ಹೊದಿಕೆಯೊಳಗೆ ಕಿತ್ತಳೆ ಬಣ್ಣದ ಗುಂಡಗಿನ ಹಣ್ಣಿರುವ ಇದನ್ನು ರಸಭರಿ ಎಂಬ ಹೆಸರಿನಲ್ಲಿಯೂ ಮಾರುತ್ತಾರೆ. ನಮ್ಮ ಗದ್ದೆಯ ಬದಿಗಳಲ್ಲಿ ಕಾಣುವ ಗುಪ್ಪಟೆ ಗಿಡದ ಸಮೀಪದ ಬಂಧು, ಮೂಲ ದಕ್ಷಿಣ ಅಮೆರಿಕದ ಆಂಡಿಸ್. ಅಂಗಡಿಯಲ್ಲಿ ಕೊಂಡ ಒಂದೇ ಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಬೀಜಗಳಿರುತ್ತವೆ. ಹಣ್ಣನ್ನು ಲೋಟದ ನೀರಿನಲ್ಲಿ ಕಿವುಚಿ ಒಂದೆರಡು ದಿನ ಬಿಟ್ಟರೆ ತಿರುಳು ಬಿಡಿಸಿಕೊಳ್ಳುತ್ತದೆ, ಒಳ್ಳೆಯ ಬೀಜ ತಳ ಸೇರುತ್ತದೆ. ಬಟ್ಟೆಯಲ್ಲಿ ಸೋಸಿ, ತೊಳೆದು, ನೆರಳಿನಲ್ಲಿ ಒಣಗಿಸಿ. ಇದಕ್ಕೆ ಶೈತ್ಯದ ಉಪಚಾರ ಬೇಡ. ಸೆಪ್ಟೆಂಬರ್ ಕೊನೆಗೆ ಮಳೆ ತಾಗದ ಚಾವಡಿಯಲ್ಲಿ ಟ್ರೇಗೆ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿದರೆ ಎರಡು ಮೂರು ವಾರಗಳೊಳಗೆ ಹುಟ್ಟುತ್ತವೆ. ದೀಪಾವಳಿಯ ಸುಮಾರಿಗೆ ದೊಡ್ಡ ಕುಂಡಕ್ಕೋ ನೆಲಕ್ಕೋ ದಾಟಿಸಿದರೆ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿಗೆ ಸಿಗುತ್ತವೆ. ನಂತರ ಸೆಕೆ ಏರಿದಂತೆ ಹೂ ಉದುರತೊಡಗುವುದರಿಂದ ಬಿತ್ತನೆ ತಡಮಾಡಬಾರದು.

ಈ ಗಿಡ ಬದನೆ, ಟೊಮೆಟೊಗಳ ಕುಟುಂಬದ್ದು. ಮಟ್ಟುಗುಳ್ಳ ಬದನೆ ಬೆಳೆದವರಿಗೆ ಸೊರಗು ರೋಗದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಬೆಳಿಗ್ಗೆ ನಳನಳಿಸುತ್ತಿದ್ದ ಗಿಡ ಹಸುರೆಲೆಯಿರುವಾಗಲೇ ಜೋತುಬಿದ್ದು ಒಂದೆರಡು ದಿನದಲ್ಲಿ ಸಾಯುತ್ತದೆ. ಆ ಬ್ಯಾಕ್ಟೀರಿಯ ನಮ್ಮ ಹುಳಿಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಬದನೆ, ಟೊಮೆಟೊ, ಮೆಣಸು ಇದ್ದ ಜಾಗಕ್ಕೆ, ಅಥವಾ ಅವುಗಳ ಹಳೆಯ ಕುಂಡದ ಮಣ್ಣಿಗೆ ಇದನ್ನು ನೆಡಬೇಡಿ. ಹೊದಿಕೆ ಹುಲ್ಲಿನ ಬಣ್ಣಕ್ಕೆ ತಿರುಗಿ, ಹಣ್ಣು ತಾನಾಗಿ ಉದುರಿದಾಗ ಹೆಕ್ಕಿಕೊಳ್ಳುವುದೇ ಸರಿಯಾದ ಕೊಯ್ಲು. ಹಸುರು ಕಾಯಿಯಲ್ಲಿಯೂ ಎಲೆಯಲ್ಲಿಯೂ ವಿಷದ ಅಂಶವಿರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಿ.

ನಿಮ್ಮ ಕರಂಡೆಯ ಪ್ರಶ್ನೆಗೆ ಬರುತ್ತೇನೆ. ಬೀಜಗಳಲ್ಲಿ ಒಣಗಿದರೆ ಬಾಳಿಕೆ ಹೆಚ್ಚುವಂಥವು, ಒಣಗಿದರೆ ಸಾಯುವಂಥವು ಎಂಬ ಎರಡು ಸ್ವಭಾವಗಳಿವೆ. ಸ್ಟ್ರಾಬೆರಿ, ಬ್ಲೂಬೆರಿ, ಕೇಪ್ ಗೂಸ್‌ಬೆರಿ ಮೊದಲನೆಯ ಬಗೆಯವು. ಮಳೆಕಾಡಿನ ಹಲವು ಗಿಡಗಳು, ನಮ್ಮ ನೇರಳೆ, ಕುಂಟಲದಂಥವು ಎರಡನೆಯ ಬಗೆಯವು. ಅವುಗಳ ಹಣ್ಣು ಮಳೆಗಾಲದ ಬಾಗಿಲಿನಲ್ಲಿ ಹಣ್ಣಾಗಿ, ಬೀಜ ಬಿದ್ದಲ್ಲಿಯೇ ಒದ್ದೆ ನೆಲದಲ್ಲಿ ಮೊಳೆಯುವುದರಿಂದ ಒಣಗಿ ಕಾಯುವ ಅಭ್ಯಾಸವೇ ಅವಕ್ಕಿಲ್ಲ. ಕರಂಡೆಯ ಬೀಜವೂ ಬಹುಬೇಗ ಜೀವ ಕಳೆದುಕೊಳ್ಳುತ್ತದೆ. ಒಣಗಿಸಿ ಫ್ರಿಜ್ಜಿನಲ್ಲಿಟ್ಟದ್ದೇ ಅದಕ್ಕೆ ಮುಳುವಾಯಿತು.

ಉಪ್ಪಿನಕಾಯಿಗೆ ಕೊಯ್ಯುವ ಹಸುರು ಕರಂಡೆಯ ಬೀಜ ಬಲಿತಿರುವುದಿಲ್ಲ. ಮೇ ತಿಂಗಳಿನಲ್ಲಿ, ಪತ್ತನಾಜೆಯ ಆಸುಪಾಸಿಗೆ, ಪೂರ್ತಿ ಕಪ್ಪಾಗಿ ಬೆರಳು ಮುಟ್ಟಿದರೆ ಕಳಚಿಬರುವ ಹಣ್ಣುಗಳನ್ನು ಆರಿಸಿ. ಹಣ್ಣನ್ನು ಸೀಳಿದರೆ ರಕ್ತಗೆಂಪು ತಿರುಳಿನ ನಡುವೆ ಚಪ್ಪಟೆಯಾದ ಕಂದು ಬೀಜಗಳು ಕಾಣುತ್ತವೆ. ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ಮೇಣ ಅಂಟದು. ಬೀಜಗಳನ್ನು ಬೂದಿಯಲ್ಲಿ ಉಜ್ಜಿ, ತಿರುಳು ಉಳಿಯದಂತೆ ತೊಳೆದು, ಅದೇ ದಿನ ಒಂದು ಸೆಂಟಿಮೀಟರ್ ಆಳಕ್ಕೆ ಪಾಲಿಥೀನ್ ಚೀಲದಲ್ಲಿ ಬಿತ್ತಿ, ಮಳೆಯ ಹನಿ ನೇರವಾಗಿ ಬೀಳದ ಮಾಡಿನ ಅಂಚಿನಲ್ಲಿ ಇಡಿ. ಒಂದು ತಿಂಗಳೊಳಗೆ ಮೊಳಕೆ ಕಾಣುತ್ತದೆ. ಮೊದಲ ವರ್ಷ ಬೆಳವಣಿಗೆ ನಿಧಾನ. ಮುಂದಿನ ಜೂನಿನಲ್ಲಿ ನೆಲಕ್ಕೆ ನೆಟ್ಟರೆ ಮೂರು ವರ್ಷದ ನಂತರ ಫಲ ನಿರೀಕ್ಷಿಸಬಹುದು. ಮುಳ್ಳಿನ ಗಿಡವಾದ್ದರಿಂದ ಹಿತ್ತಿಲಿನ ಗಡಿಗೆ ಬೇಲಿಯಾಗಿ ನೆಟ್ಟರೆ ಎರಡು ಕೆಲಸವಾದಂತೆ. ಜಂಬಿಟ್ಟಿಗೆ ಕಲ್ಲಿನ ಸಂದಿನಲ್ಲಿಯೂ ಬದುಕುವ ಇದಕ್ಕೆ ಗೊಬ್ಬರದ ಉಪಚಾರ ಅಷ್ಟಾಗಿ ಬೇಡ, ಆದರೆ ಬುಡದಲ್ಲಿ ನೀರು ನಿಲ್ಲಬಾರದು.

ಕುಂಟಲಕ್ಕೂ ಇದೇ ಕ್ರಮ: ಹಣ್ಣು ತಿಂದು ಬಿಸುಟ ಬೀಜವನ್ನು ಒಣಗಲು ಬಿಡದೆ ಬಿತ್ತಿದರೆ ಸಾಕು. ಹೊರನಾಡಿನಿಂದ ಬಂದ ಸುರಿನಾಮ್ ಚೆರ್ರಿ ಎಂಬ ಸಣ್ಣ ಗಿಡವೂ ನಮ್ಮ ಸೆಕೆ ಮತ್ತು ಮಳೆಗೆ ಒಗ್ಗುತ್ತದೆ. ದೊಡ್ಡ ಕುಂಡದಲ್ಲಿಯೂ ಇರುತ್ತದೆ, ಅದರ ಬೀಜವನ್ನೂ ತಾಜಾ ಇರುವಾಗಲೇ ಬಿತ್ತಬೇಕು. ಗಸಗಸೆ ಹಣ್ಣಿನ ಮರ ಇವಕ್ಕೆ ವಿರುದ್ಧ ಸ್ವಭಾವದ್ದು. ಅದರ ಧೂಳಿನಂತಹ ಬೀಜಕ್ಕೆ ಬೆಳಕು ಬೇಕು. ಹಣ್ಣನ್ನು ನೀರಿನಲ್ಲಿ ಹಿಚುಕಿ ಆ ನೀರನ್ನೇ ಟ್ರೇಯ ಮೇಲೆ ಸುರಿದು ಬಿಡಬಹುದು. ಎರಡು ವರ್ಷದೊಳಗೆ ಹಣ್ಣು ಬರುತ್ತದೆ, ಆದರೆ ಮರ ಬೇಗ ಹರಡುವುದರಿಂದಲೂ ಬಾವಲಿಗಳನ್ನು ಕರೆಯುವುದರಿಂದಲೂ ಮನೆಗೆ ಒತ್ತಿ ನೆಡಬೇಡಿ. ಹಿಪ್ಪುನೇರಳೆಯನ್ನು ಬೀಜದಿಂದ ಬೆಳೆಸುವ ಅಗತ್ಯವೇ ಇಲ್ಲ. ಬೀಜದ ಸಸಿ ಗಂಡಾಗಿ ಬಿಡುವ ಸಾಧ್ಯತೆಯೂ ಇದೆ, ಹಣ್ಣಿಗೆ ಹಲವು ವರ್ಷ ಕಾಯಬೇಕು. ಹಣ್ಣು ಬಿಡುತ್ತಿರುವ ಗಿಡದಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು ಜೂನಿನಲ್ಲಿ ಊರಿದರೆ ಕೆಲಸ ಮುಗಿಯಿತು.

ಮಳೆಗಾಲದಲ್ಲಿ ಹುಟ್ಟುವ ಸಸಿಗಳಿಗೆ ನಮ್ಮಲ್ಲಿ ರೋಗಕ್ಕಿಂತಲೂ ದೊಡ್ಡ ಶತ್ರು ಬಸವನಹುಳು. ಆಟಿಯ ಒಂದು ರಾತ್ರಿಯಲ್ಲಿ ಇಡೀ ಟ್ರೇಯನ್ನು ಬೋಳು ಮಾಡಬಲ್ಲದು. ಟ್ರೇಯನ್ನು ನೆಲದಿಂದ ಎತ್ತರಿಸಿ, ಮೇಜಿನ ಕಾಲುಗಳನ್ನು ನೀರು ತುಂಬಿದ ಕರಟದಲ್ಲಿಡುವುದು ಇರುವೆಗೂ ಹುಳುವಿಗೂ ಆಗುವ ಉಪಾಯ. ಕರಟದ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲದಿದ್ದರೆ ಸೊಳ್ಳೆ ಮರಿಯಾಗುತ್ತದೆ. ಮಣ್ಣಿನ ರಸಸಾರದ ಪರೀಕ್ಷೆಗೂ ಸ್ಥಳೀಯ ಸಸಿಗಳ ವಿಚಾರಣೆಗೂ ನಿಮಗೆ ಹತ್ತಿರದ ಜಾಗ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ.

ಕೊನೆಯದಾಗಿ ನೀಲಿ ಸ್ಟ್ರಾಬೆರಿ. ಅಂತಹ ಹಣ್ಣು ಯಾವ ದೇಶದ ತೋಟದಲ್ಲಿಯೂ ಇಲ್ಲ. ಜಾಹೀರಾತಿನಲ್ಲಿರುವುದು ಬಣ್ಣ ಬದಲಿಸಿದ ಚಿತ್ರ. ಬಿಳಿ ಮತ್ತು ತಿಳಿಗುಲಾಬಿ ಸ್ಟ್ರಾಬೆರಿಗಳಿವೆ, ಹಳದಿ ಹಣ್ಣಿನ ಆಲ್ಪೈನ್ ಜಾತಿಯೂ ಇದೆ, ನೀಲಿ ಮಾತ್ರ ಇಲ್ಲ. ಅಂತಹ ಪೊಟ್ಟಣದಲ್ಲಿ ಸಾಮಾನ್ಯ ಸ್ಟ್ರಾಬೆರಿಯ ಬೀಜವಿರಬಹುದು, ಯಾವುದೋ ಕಳೆಯ ಬೀಜವೂ ಇರಬಹುದು. ವಿದೇಶದಿಂದ ಅಂಚೆಯಲ್ಲಿ ಬರುವುದಾದರೆ ಇನ್ನೂ ಒಂದು ತೊಡಕಿದೆ: 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ, ಬಿತ್ತನೆಯ ಬೀಜವನ್ನು ತರಿಸಲು ಪರವಾನಗಿಯೂ ರೋಗಮುಕ್ತವೆಂಬ ಪ್ರಮಾಣಪತ್ರವೂ ಬೇಕಾಗುತ್ತದೆ. ಈಗಾಗಲೇ ತರಿಸಿದ್ದರೆ ಬಿತ್ತಬೇಡಿ, ಹಿತ್ತಿಲಿನ ಗೊಬ್ಬರಗುಂಡಿಗೂ ಎಸೆಯಬೇಡಿ. ಪೊಟ್ಟಣವನ್ನು ಒಡೆಯದೆ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಪ್ಪಿಸಿ.